ಜೇಬಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಸೈಕಲ್ ಹುಡುಕಿದ್ದು

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಸನಾಂಬೆಯ ಮ್ಯಾಗ್ನೆಟ್ ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡೆ. ಅಡುಗೆಮನೆಯಿಂದ ನಮ್ಮನೆಯವಳು ನೋಡಿದಳು. "ಏನ್ರೀ, ಸೈಕಲ್ ತರೋಕೆ ದೇವರನ್ನೂ ಕರ್ಕೊಂಡು ಹೋಗ್ತಿದೀರಾ?" ಅಂದಳು. ಒಂಥರಾ ಹಾಗೇ ಅನ್ನಿ.

ನಾನು ಹೈಸ್ಕೂಲ್ ಮೇಷ್ಟ್ರು. ಮನೆ ಹಾಸನದಲ್ಲಿ, ಸ್ಕೂಲು ಸಾಲಗಾಮೆ ರಸ್ತೆಯಲ್ಲಿ ಏಳು ಕಿಲೋಮೀಟರ್ ದೂರ. ಮಗಳು ಕಾಲೇಜಿಗೆ ಸೇರಿದ ಮೇಲೆ ಸ್ಕೂಟರ್ ಅವಳ ಪಾಲಾಯಿತು. ಬಸ್ಸು ಇದೆ, ಆದರೆ ನನಗೆ ಬೇಕಾದ ಹೊತ್ತಿಗೆ ಇಲ್ಲ. ಹಾಗಾಗಿ ಸೈಕಲ್.

ಇದು ಎರಡನೇ ಸಲ. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ಒಂದು ತರಿಸಿದ್ದೆ. ಮುಂದೆ ಶಾಕಬ್ಸರ್, ಎರಡೂ ಕಡೆ ಡಿಸ್ಕ್ ಬ್ರೇಕ್, ಮುಂಗೈ ದಪ್ಪದ ಟೈರು. ಬೆಲೆ ಎಂಟೂವರೆ ಸಾವಿರ. ಆ ದುಡ್ಡಿಗೆ ಇಷ್ಟೆಲ್ಲಾ ಕೊಟ್ಟರೆ ಒಂದೂ ನೆಟ್ಟಗಿರೋದಿಲ್ಲ ಅಂತ ಆಗ ಹೊಳೆಯಲಿಲ್ಲ. ಮೂರು ತಿಂಗಳಿಗೆ ಡಿಸ್ಕು ಕಿರ್ ಕಿರ್ ಅನ್ನತೊಡಗಿತು. ಮಳೆಗಾಲ ಕಳೆಯೋ ಹೊತ್ತಿಗೆ ಶಾಕಬ್ಸರ್ ತುಕ್ಕು ಹಿಡಿದು ಕಂಬದ ಹಾಗೆ ನಿಂತಿತು. ರಿಪೇರಿಗೆ ಒಯ್ದರೆ "ಇದಕ್ಕೆ ಪಾರ್ಟ್ಸ್ ಇಲ್ಲ ಮೇಷ್ಟ್ರೇ" ಅಂತ ವಾಪಸ್ ಕಳಿಸಿದರು. ಕೊನೆಗೆ ಗುಜರಿಗೆ ಹಾಕಿದೆ.

ಈ ಸಲ ತೀರ್ಮಾನ ಮೊದಲೇ ಆಗಿತ್ತು. ಫ್ರೇಮು ಸ್ಟೀಲಿನದ್ದಿರಬೇಕು, ಇಲ್ಲೇ ತಯಾರಾಗಿರಬೇಕು, ಎಲ್ಲಾ ಸೇರಿ ಹತ್ತು ಸಾವಿರ ದಾಟಬಾರದು. ಸ್ಟೀಲ್ ಮೇಲೆ ನನಗೆ ನಂಬಿಕೆ ಬಂದಿದ್ದು ಸ್ಕೂಲಲ್ಲೇ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಕೋವಿಡ್ ಬರೋವರೆಗೂ ಪ್ರತಿ ವರ್ಷ ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಆ ಮಕ್ಕಳು ಅವಕ್ಕೆ ಮಾಡದ ಹಿಂಸೆ ಇಲ್ಲ. ಮೂವರು ಕೂತರು, ಹುಲ್ಲು ಹೇರಿದರು, ಗದ್ದೆ ಬದುವಿನ ಮೇಲೆ ಓಡಿಸಿದರು. ಒಬ್ಬ ನಿಂತಿದ್ದ ಟ್ರಾಕ್ಟರ್ ಟ್ರೇಲರಿಗೆ ಗುದ್ದಿ ಮುಂದಿನ ಫೋರ್ಕ್ ಬಗ್ಗಿಸಿಕೊಂಡ. ಶನಿವಾರ ಬಗ್ಗಿದ್ದು, ಊರಿನ ವೆಲ್ಡಿಂಗ್ ಶಾಪಲ್ಲಿ ನೆಟ್ಟಗೆ ಮಾಡಿಸಿಕೊಂಡು ಸೋಮವಾರ ಅದರಲ್ಲೇ ಬಂದ. ಬಗ್ಗಿದ ಫೋರ್ಕಿಗೆ ಹೊಸದು ಹಾಕಿಸೋದೇ ಸರಿ, ಅದು ಬೇರೆ ಮಾತು. ಆದರೆ ಸ್ಟೀಲ್ ಮುರಿಯೋ ಮೊದಲು ಬಗ್ಗುತ್ತೆ, ಮುರಿದರೂ ಯಾವ ಹಳ್ಳಿಯಲ್ಲಾದರೂ ಬೆಸೆಯೋರು ಸಿಗ್ತಾರೆ. ಅಲ್ಯೂಮಿನಿಯಂ ಫ್ರೇಮಿಗೆ ಆ ಭಾಗ್ಯ ಇಲ್ಲ.

ಭಾನುವಾರ ಬೆಳಿಗ್ಗೆ ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದ ಶುರು ಮಾಡಿದೆ. ಮೊದಲನೇ ಅಂಗಡಿಯ ಹುಡುಗ ಸೀದಾ ದಪ್ಪ ಟೈರಿನ ಸಾಲಿಗೇ ಕರೆದುಕೊಂಡು ಹೋದ. ನಾನು ಮೂಲೆಯಲ್ಲಿದ್ದ ಕಪ್ಪು ಸೈಕಲ್ ತೋರಿಸಿದೆ. ವೈರಿನ ಬದಲು ಕಬ್ಬಿಣದ ಸರಳಿನಿಂದ ಎಳೆಯೋ ಕಡ್ಡಿ ಬ್ರೇಕು, ಡಬಲ್ ಸ್ಟ್ಯಾಂಡು, ಇಪ್ಪತ್ತೆಂಟು ಇಂಚಿನ ಚಕ್ರ. "ಸಾರ್, ಅದನ್ನ ಹಾಲಿನೋರು ತಗೋತಾರೆ" ಅಂದ. ತಗೊಳ್ಳಲಿ ಬಿಡಪ್ಪ, ಹಾಲಿನವರಿಗಿಂತ ಜಾಸ್ತಿ ಸೈಕಲ್ ಗೊತ್ತಿರೋರು ಯಾರಿದ್ದಾರೆ?

ನಿಜ ಹೇಳಬೇಕೆಂದರೆ ಮನಸ್ಸು ಅಲ್ಲೇ ಸೋತಿತ್ತು. ನಮ್ಮಪ್ಪನ ಅಟ್ಲಾಸ್ ಇಂಥದ್ದೇ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವನು ನಾನು. ಆ ಕಂಪನಿ ಹರಿಯಾಣದ ಸೋನಿಪತ್‌ನದ್ದು, 1951ರಲ್ಲಿ ಶುರುವಾಗಿದ್ದು. ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ ಬೇರೆ! ಈಗ ನಾನು ನೋಡಿದ ಅಂಗಡಿಗಳಲ್ಲಿ ಇದ್ದಿದ್ದು ಹೆಚ್ಚಾಗಿ ಎರಡು ಕಡೆಯ ಮಾಲು. ಒಂದು ಪಂಜಾಬಿನ ಲೂಧಿಯಾನದ್ದು. ಹೀರೋ, ಏವನ್ ಎರಡೂ ಆ ಊರಿನವೇ. ಇನ್ನೊಂದು ಚೆನ್ನೈನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಕಂಪನಿಯದ್ದು. ಹರ್ಕ್ಯುಲಿಸ್, ಬಿಎಸ್‌ಎ ಅಂತ ಹೆಸರು ಇಂಗ್ಲೆಂಡಿನದ್ದಾದರೂ ಮಾಡೋರು ನಮ್ಮೋರೇ.

ಜೇಬಿನಿಂದ ಹಾಸನಾಂಬೆಯನ್ನು ತೆಗೆದು ಕಪ್ಪು ಸೈಕಲ್ಲಿನ ರಿಮ್ಮಿಗೆ ಹಿಡಿದೆ. ಟಕ್ ಅಂತ ಅಂಟಿಕೊಂಡಳು. ಅಲ್ಯೂಮಿನಿಯಂ ಆಗಿದ್ದರೆ ಅಂಟುತ್ತಿರಲಿಲ್ಲ, ಅಂದರೆ ರಿಮ್ಮು ಸ್ಟೀಲು. ಅಲ್ಲಿಗೆ ನನ್ನ ಮುಖ ಸಪ್ಪಗಾಯಿತು.

ಫ್ರೇಮು ಸ್ಟೀಲಾಗಿರಬೇಕು ಸರಿ, ಆದರೆ ರಿಮ್ಮು ಸ್ಟೀಲಾಗಿದ್ದರೆ ನಮ್ಮ ಕಡೆಗೆ ಕಷ್ಟ. ಪಾಲಿಶ್ ಮಾಡಿದ ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕ್ ರಬ್ಬರು ಜಾರುತ್ತೆ, ಹಿಡಿಯೋದಿಲ್ಲ. ಅಲ್ಯೂಮಿನಿಯಂ ರಿಮ್ಮು ಮಳೆಯಲ್ಲೂ ಸುಮಾರಾಗಿ ಹಿಡಿಯುತ್ತೆ. ಜುಲೈ ತಿಂಗಳಲ್ಲಿ ಹಾಸನದ ಜಡಿಮಳೆ ಗೊತ್ತಲ್ಲ, ಜೋರಾಗಿ ಸುರಿಯೋದೂ ಇಲ್ಲ, ನಿಲ್ಲೋದೂ ಇಲ್ಲ. ರಿಮ್ಮು ಒಣಗೋ ಮಾತೇ ಇಲ್ಲ.

ಈ ಕಪ್ಪು ಸೈಕಲ್ಲಿಗೇ ಬೇರೆ ರಿಮ್ಮು ಹಾಕಿಸಬಹುದಾ? ನಮ್ಮ ಬೀದಿಯ ರಿಪೇರಿ ಯಜಮಾನರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅದರ ಮುಂದಿನ ಚಕ್ರದ ಕಡ್ಡಿ ಎಣಿಸಿ, ಹಿಂದಿಂದೂ ಎಣಿಸಿ, ಆಮೇಲೆ ಮಾತಾಡಿ" ಅಂದರು. ಎಣಿಸಿದೆ. ಮುಂದೆ 32, ಹಿಂದೆ 40. ಹಿಂದೆ ಮೂಟೆ ಹೇರುತ್ತಾರಲ್ಲ, ಅದಕ್ಕೇ ಜಾಸ್ತಿ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗೋ ಅಲ್ಯೂಮಿನಿಯಂ ರಿಮ್ಮಿಗೆ 36 ತೂತು. ಜೊತೆಗೆ ಕಡ್ಡಿ ಬ್ರೇಕಿನ ರಬ್ಬರು ರಿಮ್ಮನ್ನು ಪಕ್ಕದಿಂದ ಹಿಡಿಯೋದಿಲ್ಲ, ಒಳಗಡೆಯಿಂದ ಎಳೆದು ಒತ್ತುತ್ತೆ. ಅದಕ್ಕೆ ರಿಮ್ಮಿನ ಆಕಾರವೇ ಬೇರೆ. ಅಪ್ಪನ ನೆನಪನ್ನು ಅಲ್ಲೇ ಮೂಲೆಗೆ ಒರಗಿಸಿ ಹೊರಗೆ ಬಂದೆ.

ಬಿ.ಎಂ. ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಬೇಕಾದ್ದು ಸಿಕ್ಕಿತು. ಇಪ್ಪತ್ತಾರು ಇಂಚಿನ ಚಕ್ರ, ಗೇರ್ ಇಲ್ಲ, ಶಾಕಬ್ಸರ್ ಇಲ್ಲ, ಪಕ್ಕದಿಂದ ಹಿಡಿಯೋ ವಿ ಬ್ರೇಕು, ಕಡ್ಡಿ ಎರಡೂ ಕಡೆ 36. ರಿಮ್ಮು ಇಲ್ಲೂ ಸ್ಟೀಲೇ, ಆದರೆ ಬದಲಾಯಿಸೋಕೆ ಬರುತ್ತೆ. "ಇದು ಬಂದ ಡಬ್ಬ ತೋರ್ಸಪ್ಪ" ಅಂದೆ. ಹುಡುಗ ವಿಚಿತ್ರವಾಗಿ ನೋಡಿದ. ಡಬ್ಬದ ಮೇಲೆ ತಯಾರಿಸಿದವರು ಯಾರು ಅಥವಾ ಆಮದು ಮಾಡಿಕೊಂಡವರು ಯಾರು ಅಂತ ಹಾಕಲೇಬೇಕು. ಹೆಸರು ದೇಶದ್ದಾದ ಮಾತ್ರಕ್ಕೆ ಸೈಕಲ್ಲೂ ಇಲ್ಲಿಂದೇ ಆಗಿರಬೇಕಿಲ್ಲ. ಇದರ ಮೇಲೆ ತಯಾರಿಕೆ ಲೂಧಿಯಾನ ಅಂತಿತ್ತು.

ಆಮೇಲೆ ದಾರದ ಪರೀಕ್ಷೆ. ಮಾರ್ಕೆಟ್ಟಲ್ಲಿ ಹೂವಿನಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ತಗೊಂಡು, ಜೊತೆಗೆ ಮೂರು ಮೀಟರ್ ದಾರ ಸುಮ್ನೆ ಕೇಳಿ ಇಸ್ಕೊಂಡಿದ್ದೆ. ಹಿಂದಿನ ಚಕ್ರದ ಆಕ್ಸೆಲ್ ಕೂರುವ ಜಾಗಕ್ಕೆ ಒಂದು ತುದಿ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪು ಸುತ್ತಿಸಿ, ಇನ್ನೊಂದು ಪಕ್ಕದ ಅದೇ ಜಾಗಕ್ಕೆ ಬಿಗಿಯಾಗಿ ಕಟ್ಟಬೇಕು. ನಡುವೆ ಸೀಟಿನ ಪೈಪಿನಿಂದ ದಾರಕ್ಕೆ ಎಷ್ಟು ಅಂತರ ಅಂತ ಎರಡೂ ಕಡೆ ಸ್ಕೇಲಿನಲ್ಲಿ ಅಳೆಯಬೇಕು. ಸಮ ಇದ್ದರೆ ಫ್ರೇಮು ನೆಟ್ಟಗಿದೆ. ಮೊದಲನೇ ಫ್ರೇಮಲ್ಲಿ ಆರು ಮಿಲಿಮೀಟರ್ ವ್ಯತ್ಯಾಸ. ಅಂಥದ್ದು ಯಾವಾಗಲೂ ಒಂದು ಕಡೆಗೇ ಎಳೆಯುತ್ತೆ. ಇನ್ನೊಂದು ತರಿಸಿದೆ. ಒಂದೇ ಮಿಲಿಮೀಟರ್. ಅಷ್ಟೊತ್ತಿಗೆ ಸೈಕಲ್ ಕೊಳ್ಳೋಕೆ ಬಂದಿದ್ದ ಇನ್ನಿಬ್ಬರು ನನ್ನ ಹಿಂದೆ ನಿಂತಿದ್ದರು. "ಸಾರ್, ನಮ್ದೂ ಒಂದು ಅಳೀರಿ" ಅಂದ ಒಬ್ಬ. ಅಂಗಡಿಯವರ ಮುಖ ನೋಡಿ ದಾರ ಮಡಚಿಟ್ಟೆ.

ರೇಟಿನ ವಿಷಯಕ್ಕೆ ಸ್ವಲ್ಪ ಎಳೆದಾಟ ಆಯಿತು. ಡಬ್ಬದ ಮೇಲಿದ್ದದ್ದು ಹಳೇ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆಯಲ್ಲ ಅಂತ ನೆನಪಿಸಿದೆ. ಕೊನೆಗೆ 6,900ಕ್ಕೆ ಒಪ್ಪಿದರು.

ಜೋಡಿಸೋವಾಗ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಇದನ್ನು ಯಾರೂ ತಪ್ಪಿಸಬೇಡಿ. ಸೈಕಲ್ ಬಿಡಿಬಿಡಿಯಾಗಿ ಬರುತ್ತೆ, ಜೀವ ತುಂಬೋನು ಫಿಟ್ಟಿಂಗ್ ಮಾಡೋ ಹುಡುಗ. ಮುಂದಿನ ಚಕ್ರದ ನಡುವಿನ ಹಬ್ ಬಿಚ್ಚಿ ತೋರಿಸು ಅಂದೆ. ಬಾಲ್ಸುಗಳ ಮೇಲೆ ಗ್ರೀಸು ಕುಂಕುಮ ಇಟ್ಟ ಹಾಗಿತ್ತು, ಅಷ್ಟೇ. ಹೊರಗಿನಿಂದ ಇಪ್ಪತ್ತೈದು ರೂಪಾಯಿಯ ಗ್ರೀಸ್ ತಂದು ಕೊಟ್ಟು ಎರಡೂ ಹಬ್ಬು, ಪೆಡಲ್ ಜಾಗ, ಹ್ಯಾಂಡಲ್ ಎಲ್ಲಾ ತುಂಬಿಸಿದೆ. ಹುಡುಗನಿಗೆ ಐವತ್ತು ಕೊಟ್ಟೆ, ಖುಷಿಯಾದ.

ಬದಲಾಯಿಸೋಕೆ ಅಂತ ತಂದ ಅಲ್ಯೂಮಿನಿಯಂ ರಿಮ್ಮಿನಲ್ಲಿ ನಾನೇ ಎಡವಿದೆ. "26 ಇಂಚಿಂದು" ಅಂತ ಕೇಳಿ ತಂದೆ. ಯಜಮಾನರು ಹಿಡಿದು ನೋಡಿ "ಮೇಷ್ಟ್ರೇ, ಇಪ್ಪತ್ತಾರರಲ್ಲೂ ಜಾತಿ ಇದೆ" ಅಂದರು. ಟೈರಿನ ಪಕ್ಕದಲ್ಲಿ ಚಿಕ್ಕದಾಗಿ ಇನ್ನೊಂದು ನಂಬರ್ ಇರುತ್ತೆ. 26 × 1⅜ ಅಂದರೆ 590, 26 × 1.75 ಅಂದರೆ 559. ರಿಮ್ಮಿನಲ್ಲಿ ಟೈರು ಕೂರೋ ಜಾಗದ ವ್ಯಾಸ ಅದು, ಮಿಲಿಮೀಟರ್ ಲೆಕ್ಕ. ಹೆಸರು ಒಂದೇ, ಒಂದರ ಟೈರು ಇನ್ನೊಂದಕ್ಕೆ ಕೂರೋದಿಲ್ಲ, ಬ್ರೇಕ್ ರಬ್ಬರೂ ರಿಮ್ಮಿಗೆ ಸರಿಯಾಗಿ ಸಿಗೋದಿಲ್ಲ. ನನಗೆ ಬೇಕಿದ್ದದ್ದು 559. ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದೆ.

ಹಾಕಿಸೋ ಮೊದಲು ಒಂದು ಪ್ರಯೋಗ ಮಾಡಿದ್ದೆ. ಮನೆ ಮುಂದಿನ ಇಳಿಜಾರಲ್ಲಿ ರಿಮ್ಮಿಗೆ ಬಾಟಲಿ ನೀರು ಸುರಿದು, ಹೊಂಗೆ ಮರದ ಹತ್ತಿರ ಬ್ರೇಕ್ ಹಿಡಿದೆ. ಪಕ್ಕದ ಮನೆ ಗೇಟಿನ ಮುಂದೆ ನಿಂತಿತು. ಹೊಸ ರಿಮ್ಮಿನಲ್ಲಿ ಅದೇ ಜಾಗದಲ್ಲಿ, ಅದೇ ನೀರು ಹಾಕಿ ಹಿಡಿದರೆ ಮರದ ನೆರಳು ದಾಟಲಿಲ್ಲ.

ಹಿಂದಿನ ಚಕ್ರದಲ್ಲಿ ಚೈನು ಕೂರೋ ಹಲ್ಲಿನ ಬಿಲ್ಲೆ, ಅಂದರೆ ಫ್ರೀವೀಲನ್ನೂ ಬದಲಾಯಿಸಿದೆ. ಪೆಡಲಿನ ಹತ್ತಿರದ ಬಿಲ್ಲೆಗೆ 44 ಹಲ್ಲು, ಹಿಂದಿನದಕ್ಕೆ 18 ಇತ್ತು. ಒಂದು ಸುತ್ತು ತುಳಿದರೆ ಸುಮಾರು ಐದು ಮೀಟರ್ ಹೋಗುತ್ತೆ. ಏರಿನಲ್ಲಿ ನನ್ನ ಮಂಡಿಗೆ ಅದು ಭಾರ. 20 ಹಲ್ಲಿನದ್ದು ಹಾಕಿಸಿದ ಮೇಲೆ ನಾಲ್ಕೂವರೆ ಮೀಟರ್. ಚೈನಿಗೆ ಒಂದು ಕೊಂಡಿ ಸೇರಿಸಬೇಕಾಯಿತು. ಗೇರ್ ಸೈಕಲ್ಲಿಗೆ ಇನ್ನೂ ಐದು ಸಾವಿರ ಹಾಕೋ ಬದಲು ಇನ್ನೂರು ರೂಪಾಯಿಯಲ್ಲಿ ಮುಗಿಯಿತು.

ಸೀಟ್ ಪೈಪು ತೆಗೆದು ಫ್ರೇಮಿನೊಳಗೆ ಸ್ವಲ್ಪ ಹಳೇ ಇಂಜಿನ್ ಆಯಿಲ್ ಸುರಿದು, ಸೈಕಲ್ಲನ್ನು ಎಲ್ಲಾ ಕಡೆ ಮಲಗಿಸಿ ಹೊರಳಿಸಿದೆ. ಸ್ಟೀಲ್ ಫ್ರೇಮು ಒಳಗಿನಿಂದಲೂ ತುಕ್ಕು ಹಿಡಿಯುತ್ತೆ. ಅಂಗಳದ ಕಲ್ಲಿನ ಮೇಲೆ ಆದ ಕಲೆಗೆ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ರಿಮ್ಮು ಜೋಡಿ ಸಾವಿರ, ಹೊಸ ಕಡ್ಡಿ ಮತ್ತು ಕೂಲಿ ಆರುನೂರು, ಬೀಗ, ಲೈಟು, ಕ್ಯಾರಿಯರ್ ಎಲ್ಲಾ ಸೇರಿ 9,600 ಆಯಿತು. ತೂಕದ ಮೆಷಿನ್ ಮೇಲೆ ಅದನ್ನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆದು ನೋಡಿದೆ. ಹದಿನೇಳೂವರೆ ಕಿಲೋ. ಹಗುರ ಅಂತ ಹೇಳೋಕಾಗಲ್ಲ.

ಹಾಸನಾಂಬೆ ಮತ್ತೆ ಫ್ರಿಜ್ಜಿಗೆ ಹೋದಳು. ಸೀಟು ಮಾತ್ರ ಇನ್ನೂ ಸರಿಯಾಗಿಲ್ಲ. ಸ್ಪಂಜಿನದ್ದು, ನಾಲ್ಕನೇ ಕಿಲೋಮೀಟರಿಗೆ ನೋಯುತ್ತೆ. ಯಜಮಾನರು ತಮ್ಮ ಅಟ್ಟದ ಮೇಲೆ ಸ್ಪ್ರಿಂಗ್ ಇರೋ ಹಳೇ ಚರ್ಮದ ಸೀಟೊಂದಿದೆ ಅಂದಿದ್ದಾರೆ. ಈ ಭಾನುವಾರ ಅದನ್ನು ಇಳಿಸಿ ನೋಡಬೇಕು.