ಕರಾವಳಿಯ ಕಾರಿಗೆ ಇಂಪ್ಯಾಕ್ಟ್ ರೆಂಚ್: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳುವ ಬಗೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಎರಡು ಮಳೆಗಾಲ ಕಂಡ ಕಾರಿನ ವೀಲ್ ನಟ್ ಸುಲಭಕ್ಕೆ ಜಗ್ಗುವುದಿಲ್ಲ. ಉಪ್ಪಿನ ಗಾಳಿಗೆ ಸ್ಟಡ್ಡಿನ (ನಟ್ಟು ಕೂರುವ ಬೋಲ್ಟಿನ) ಥ್ರೆಡ್ಡಿನಲ್ಲಿ ತುಕ್ಕು ಕೂತಿರುತ್ತದೆ. 100 ನ್ಯೂಟನ್ ಮೀಟರಿಗೆ (ಇದು ಟಾರ್ಕಿನ, ಅಂದರೆ ತಿರುಗಿಸುವ ಬಲದ ಅಳತೆ) ಬಿಗಿ ಮಾಡಿದ್ದ ನಟ್ಟು ಬಿಚ್ಚುವಾಗ ಅದರ ಎರಡು ಪಟ್ಟು, ಒಮ್ಮೊಮ್ಮೆ ಮೂರು ಪಟ್ಟು ಬಲ ಕೇಳುತ್ತದೆ. ಸುತ್ತಿಗೆಯಂತೆ ಹೊಡೆಹೊಡೆದು ನಟ್ಟು ತಿರುಗಿಸುವ ಮೆಷಿನ್ ಆದ ಇಂಪ್ಯಾಕ್ಟ್ ರೆಂಚ್ ಮನೆಯಲ್ಲಿ ಬೇಕಾಗುವುದು ಇದಕ್ಕೇ, ಅಂದರೆ ಬಿಚ್ಚುವುದಕ್ಕೆ. ಕೊನೆಯ ಬಿಗಿತಕ್ಕೆ, ಬೇಕಾದಷ್ಟೇ ಬಲಕ್ಕೆ ಹೊಂದಿಸಿ ತಿರುಗಿಸುವ ಟಾರ್ಕ್ ರೆಂಚೇ ಆಗಬೇಕು. ಹಾಗಾಗಿ ಇರುವ ದುಡ್ಡನ್ನೆಲ್ಲ ಮೆಷಿನ್ನಿಗೇ ಸುರಿಯದೆ, ಇಂಪ್ಯಾಕ್ಟ್ ಸಾಕೆಟ್‌ಗಳಿಗೂ ಟಾರ್ಕ್ ರೆಂಚಿಗೂ ಮೊದಲೇ ತೆಗೆದಿಡಿ.

ವರ್ಷಕ್ಕೊಮ್ಮೆ ಸ್ಟೆಪ್ನಿ ಹಾಕುವಷ್ಟೇ ಕೆಲಸವಿದ್ದರೆ ಮೆಷಿನ್ನೇ ಬೇಡ. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ತುದಿ) ಇರುವ 60 ಸೆಂಟಿಮೀಟರ್ ಉದ್ದದ ಬ್ರೇಕರ್ ಬಾರ್, ಅಂದರೆ ಕೈಯಿಂದ ತಿರುಗಿಸುವ ಉದ್ದ ಹಿಡಿಕೆ ಸಾಕು. 60 ಕಿಲೋ ತೂಕದವರು ಅದರ ತುದಿಗೆ ಪೂರ್ತಿ ಭಾರ ಹಾಕಿದರೆ ಸುಮಾರು 350 ನ್ಯೂಟನ್ ಮೀಟರ್ ಸಿಗುತ್ತದೆ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಕೆಲಸಗಳನ್ನೂ ಮನೆಯಲ್ಲೇ ಮಾಡುವವರಿಗೆ ಮೆಷಿನ್ನಿಗೆ ಹಾಕಿದ ಹಣ ದಂಡವಾಗುವುದಿಲ್ಲ.

ಕಂಪ್ರೆಸರಿನ ಗಾಳಿಯಲ್ಲಿ ಓಡುವ ಇಂಪ್ಯಾಕ್ಟ್ ರೆಂಚ್, ಅಂದರೆ ಗನ್ ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಅದಕ್ಕೆ 90 ಪಿಎಸ್‌ಐ ಒತ್ತಡ ಮತ್ತು 50 ಲೀಟರಿಗಿಂತ ಕಡಿಮೆಯಿಲ್ಲದ ಟ್ಯಾಂಕಿನ ಕಂಪ್ರೆಸರ್ ಬೇಕು. ಟೈರಿಗೆ ಗಾಳಿ ತುಂಬುವ ಚಿಕ್ಕ ಪಂಪಿನಿಂದ ಅದು ಓಡುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ. ಅದನ್ನು ಆಗಾಗ ಬಸಿಯದಿದ್ದರೆ ಗನ್ನಿನ ಒಳಗೆಲ್ಲ ತುಕ್ಕು. ಕಂಪ್ರೆಸರ್ ಈಗಾಗಲೇ ಇದ್ದವರು ಮಾತ್ರ ಈ ದಾರಿ ಹಿಡಿಯಬಹುದು.

ವೈರಿನ ಮೆಷಿನ್ ಕೊಟ್ಟ ಹಣಕ್ಕೆ ಹೆಚ್ಚು ಬಲ ಕೊಡುತ್ತದೆ. ಆದರೆ ಭಾರ ಜಾಸ್ತಿ, ಮಡ್‌ಗಾರ್ಡಿನ ಒಳಗೆ ಕೈ ತಿರುಗುವುದಿಲ್ಲ. 1000 ವಾಟ್‌ನದು ನಾಲ್ಕೂವರೆ ಆಂಪಿಯರ್‌ನಷ್ಟು ಎಳೆಯುತ್ತದೆ. ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಬಿದ್ದು ಹೊಡೆತ ಸಪ್ಪೆಯಾಗುತ್ತದೆ, ಆದ್ದರಿಂದ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಬಳಸಿ. ಶಿರಸಿ, ಸಿದ್ದಾಪುರದ ಕಡೆ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ತೋಟದ ಮನೆಗಳಲ್ಲಿ ಸಂಜೆ ಹೊತ್ತು ಇದೇ ತೊಂದರೆ. ಇನ್ನು ಒದ್ದೆ ಅಂಗಳದಲ್ಲಿ, ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ವೈರಿನ ಮೆಷಿನ್ ಹಚ್ಚಲೇಬೇಡಿ.

ಕಾರಿನ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನದು ಬಹಳ ಅಗ್ಗಕ್ಕೆ ಸಿಗುತ್ತದೆ, ಆದರೆ ತುಕ್ಕು ಹಿಡಿದ ನಟ್ಟಿಗೆ ಸಾಲದು. ಸ್ಕ್ರೂ ಹಾಕುವ ಇಂಪ್ಯಾಕ್ಟ್ ಡ್ರೈವರಿಗೆ ಅಡಾಪ್ಟರ್ ಹಾಕಿ ಪ್ರಯತ್ನಿಸಿದರೆ ಅಡಾಪ್ಟರೇ ಮುರಿಯಬಹುದು.

ಹೆಚ್ಚಿನವರಿಗೆ ಒಗ್ಗುವುದು ಅರ್ಧ ಇಂಚಿನ ಡ್ರೈವ್, ಬ್ರಷ್‌ಲೆಸ್ (ಒಳಗೆ ಕಾರ್ಬನ್ ಬ್ರಷ್ ಇಲ್ಲದ) ಮೋಟಾರ್, 18 ವೋಲ್ಟ್ ವರ್ಗದ ಬ್ಯಾಟರಿ ಮೆಷಿನ್. ಮೋಸ ಹೆಚ್ಚಿರುವುದೂ ಇಲ್ಲೇ. ಡಬ್ಬಿಯ ಮೇಲೆ 48, 88, 128 ಎಂದು ಬರೆದಿರುವುದನ್ನು ವೋಲ್ಟೇಜ್ ಎಂದು ನಂಬಬೇಡಿ. ಒಳಗೆ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್ಲುಗಳಿದ್ದರೆ ಪೂರ್ತಿ ಚಾರ್ಜಿನಲ್ಲಿ 21 ವೋಲ್ಟ್, ಓಡುವಾಗ 18, ಅಷ್ಟೇ. 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಎಂದು ಬೇರೆ ಬೇರೆ ಬರೆದವೂ ಸಾಮಾನ್ಯವಾಗಿ ಇದೇ ಐದು ಸೆಲ್ಲಿನ ಬ್ಯಾಟರಿಗಳೇ.

ಬ್ಯಾಟರಿಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಾದರೂ ತೂಗಿ ನೋಡಿ. 18650 ಎಂಬ ಮಾಮೂಲಿ ಸೆಲ್ಲು ಒಂದಕ್ಕೆ ಸುಮಾರು 45 ಗ್ರಾಂ. ಇವುಗಳಿಂದ 4 ಆಂಪಿಯರ್ ಅವರ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಕೊಡಲು ಹತ್ತು ಸೆಲ್ ಬೇಕು. ಸೆಲ್ಲುಗಳೇ 450 ಗ್ರಾಂ, ಕವಚ ಸೇರಿದರೆ 600ರ ಹತ್ತಿರ ಬರಬೇಕು. 350 ಗ್ರಾಂ ತೂಗಿತೆಂದರೆ ಒಳಗಿರುವುದು ಐದೇ ಸೆಲ್, ಮೇಲೆ 6 ಆಂಪಿಯರ್ ಅವರ್ ಎಂದು ಬರೆದಿದ್ದರೂ ಸರಿಯೇ. ಐದೇ ಸೆಲ್ ಇದ್ದಾಗ ಮೋಟಾರ್ ಕೇಳಿದಷ್ಟು ಕರೆಂಟ್ ಕೊಡಲಾಗದೆ ಬ್ಯಾಟರಿ ಬಿಸಿಯಾಗುತ್ತದೆ, ಗಟ್ಟಿ ನಟ್ಟು ಬಂದಾಗಲೇ ಮೆಷಿನ್ ನಿಂತುಬಿಡುತ್ತದೆ.

ಟಾರ್ಕಿನ ಅಂಕಿಯನ್ನೂ ಬಿಡಿಸಿ ಓದಬೇಕು. ಕಂಪನಿಗಳು ಎರಡು ಅಂಕಿ ಕೊಡುತ್ತವೆ, ಬಿಗಿ ಮಾಡುವ ಟಾರ್ಕ್ ಒಂದು, ಬಿಚ್ಚುವ ಟಾರ್ಕ್ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ದೊಡ್ಡದು. ಹೋಲಿಸುವಾಗ ಮೊದಲನೆಯದನ್ನೇ ಹಿಡಿದು ಹೋಲಿಸಿ. ನಂಬಬಹುದಾದ ಕಂಪನಿಯ 300ರಿಂದ 400 ನ್ಯೂಟನ್ ಮೀಟರ್ ಮನೆಯ ಕಾರಿಗೆ ಧಾರಾಳ. ಹೆಸರಿಲ್ಲದ ಡಬ್ಬಿಯ ಮೇಲಿನ 800, 1000ಕ್ಕೆ ಮರುಳಾಗಬೇಡಿ. ಸಾಧ್ಯವಾದರೆ ಅಂಗಡಿಯ ಎದುರೇ ನಿಮ್ಮ ಕಾರಿನ ಒಂದು ನಟ್ಟಿಗೆ ಹಚ್ಚಿ ನೋಡಿ. ಐದಾರು ಸೆಕೆಂಡಿನಲ್ಲಿ ಬಿಚ್ಚಬೇಕು. ಹಣ ಕೊಡುವ ಮೊದಲು ಸರ್ವಿಸ್ ಎಲ್ಲಿ ಎಂದೂ ಕೇಳಿ. ಹುಬ್ಬಳ್ಳಿಯಲ್ಲೋ ಮಡಗಾವಿನಲ್ಲೋ ಇದ್ದರೆ ಹೋಗಿಬರಬಹುದು. ಬೇರೆ ಬ್ಯಾಟರಿ ಬಿಡಿಯಾಗಿ ಸಿಗದ ಮೆಷಿನ್ ಎರಡು ವರ್ಷದಲ್ಲಿ ಮೂಲೆ ಸೇರುತ್ತದೆ.

ಸಾಕೆಟ್ ಕಪ್ಪು ಬಣ್ಣದ, ಕ್ರೋಮ್ ಮಾಲಿಬ್ಡಿನಮ್‌ನ ಇಂಪ್ಯಾಕ್ಟ್ ಸಾಕೆಟ್ಟೇ ಆಗಿರಲಿ. ಹೊಳೆಯುವ ಕ್ರೋಮ್ ಸಾಕೆಟ್ ಸುತ್ತಿಗೆಯಂಥ ಹೊಡೆತಕ್ಕೆ ಸೀಳುತ್ತದೆ, ಚೂರು ಕಣ್ಣಿಗೆ ಹಾರಬಹುದು. ಮಾರುತಿಯ ಆಲ್ಟೊ, ಸ್ವಿಫ್ಟ್‌ನಂಥವಕ್ಕೆ 19 ಎಂಎಂ, ಹ್ಯುಂಡೈ ಮತ್ತು ಇನ್ನೋವಾಗಳಿಗೆ 21 ಎಂಎಂ. ಅಲಾಯ್ ವೀಲ್ ಇದ್ದರೆ ತೆಳು ಗೋಡೆಯ, ಹೊರಗೆ ಪ್ಲಾಸ್ಟಿಕ್ ಕವಚವಿರುವ ಡೀಪ್ (ಉದ್ದನೆಯ) ಸಾಕೆಟ್ ಕೊಳ್ಳಿ. ಉದ್ದದ ಎಕ್ಸ್‌ಟೆನ್ಷನ್, ಯೂನಿವರ್ಸಲ್ ಜಾಯಿಂಟ್ ಹಾಕಿದಷ್ಟೂ ಹೊಡೆತ ನಟ್ಟಿಗೆ ತಲುಪುವುದು ಕಡಿಮೆ.

ಕೆಲಸದ ಹಿಂದಿನ ರಾತ್ರಿ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಬ್ರೇಕ್ ಡಿಸ್ಕಿಗೆ ತಾಗದಂತೆ. ಸಾಕೆಟ್ ಪೂರ್ತಿ ಒಳಗೆ ಕೂತ ಮೇಲೆ ಐದೈದು ಸೆಕೆಂಡ್ ಹೊಡೆಯಿರಿ. ಜಗ್ಗದಿದ್ದರೆ ಬಿಗಿಯುವ ಕಡೆಗೆ ಒಂದು ಕ್ಷಣ ಕೊಟ್ಟು ಮತ್ತೆ ತಿರುಗಿಸಿ. ಎರಡೂ ಕಡೆಯ ಅಲುಗಾಟಕ್ಕೆ ತುಕ್ಕು ಪುಡಿಯಾಗುತ್ತದೆ. ಒಂದೇ ಸಮನೆ ಅರ್ಧ ನಿಮಿಷ ಹೊಡೆದರೆ ಮೋಟಾರ್ ಬಿಸಿಯಾಗುವುದೇ ಹೊರತು ನಟ್ಟು ಬರುವುದಿಲ್ಲ.

ಜಾಕ್ ಹಾಕಿದ ಮೇಲೆ ಕಾರಿನಡಿಗೆ ಚಿರೇಕಲ್ಲು ಕೊಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ನೀರು ಕುಡಿದ ಚಿರೇಕಲ್ಲು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಜ್ಯಾಕ್ ಸ್ಟ್ಯಾಂಡೇ ಇಡಿ. ಮಣ್ಣಿನ ಅಂಗಳವಾದರೆ ಅದರಡಿ ದಪ್ಪ ಹಲಗೆ.

ಹಾಕುವಾಗ ನಟ್ಟನ್ನು ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಮೆಷಿನ್ನಿನಿಂದಲೇ ಶುರು ಮಾಡಿದರೆ ಥ್ರೆಡ್ ಅಡ್ಡ ಹತ್ತಿ ಸ್ಟಡ್ ಹಾಳು. ಸ್ಪ್ರೇಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿರಬೇಕು, ಎಣ್ಣೆ ಇದ್ದ ಥ್ರೆಡ್ಡಿಗೆ ಅದೇ ಟಾರ್ಕ್ ಕೊಟ್ಟರೂ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ಮೆಷಿನ್ನನ್ನು ಕಡಿಮೆ ಬಲದ ಮೋಡಿನಲ್ಲಿಟ್ಟು ನಟ್ಟು ಕೂರುವಷ್ಟು ಮಾತ್ರ ಓಡಿಸಿ. ಚಕ್ರ ನೆಲಕ್ಕೆ ಇಳಿದ ಮೇಲೆ ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಸ್ಪಾರ್ಕ್ ಪ್ಲಗ್, ಆಯಿಲ್ ಡ್ರೈನ್ ಬೋಲ್ಟ್, ಅಲ್ಯೂಮಿನಿಯಂ ಭಾಗಕ್ಕೆ ಹೋಗುವ ಯಾವ ಬೋಲ್ಟನ್ನೂ ಮೆಷಿನ್ನಿನಿಂದ ಬಿಗಿಯಬಾರದು.

ಕೆಲಸ ಮುಗಿದ ಮೇಲೆ ಸಾಕೆಟ್ ಕೂರುವ ಚೌಕ ತುದಿಗೂ ಸಾಕೆಟ್‌ಗಳಿಗೂ ತೆಳುವಾಗಿ ಎಣ್ಣೆ ಸವರಿ. ಬ್ಯಾಟರಿಯನ್ನು ಮೆಷಿನ್ನಿನಿಂದ ತೆಗೆದು, ಅರ್ಧ ಚಾರ್ಜಿನಲ್ಲಿ, ಕೊಟ್ಟಿಗೆಯಲ್ಲಲ್ಲ, ಮನೆಯೊಳಗೆ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದು ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಒಣ ಬ್ರಷ್ಷಿನಿಂದ ಉಜ್ಜಿ.