ತ್ರಿಕೋನ ಕತ್ತರಿಸದೆ ತ್ರಿಕೋನ ಜೋಡಿಸುವುದು

ಕೌದಿಗೆ ತ್ರಿಕೋನದ ವಿನ್ಯಾಸ ಬೇಕೆಂದರೆ ಹೊಸಬರು ಮೊದಲು ಮಾಡುವ ಕೆಲಸ ಒಂದೇ: ಬಟ್ಟೆಯನ್ನೆಲ್ಲ ತ್ರಿಕೋನವಾಗಿ ಕತ್ತರಿಸಿ ಗುಡ್ಡೆ ಹಾಕಿಕೊಳ್ಳುವುದು. ಕೆಲಸ ಕೆಡುವುದೇ ಅಲ್ಲಿಂದ. ಒಂದು ಕರವಸ್ತ್ರ ಹಿಡಿದು ಎಳೆದು ನೋಡಿ. ಹಾಸಿನ ಕಡೆ ಜಗ್ಗಿದರೆ ಜಪ್ಪಯ್ಯ ಅನ್ನುವುದಿಲ್ಲ, ಹೊಕ್ಕಿನ ಕಡೆ ಜಗ್ಗಿದರೆ ಚೂರು ಬರುತ್ತದೆ, ಮೂಲೆಯಿಂದ ಮೂಲೆಗೆ ಜಗ್ಗಿದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಟೈಲರುಗಳು ಕ್ರಾಸ್ ಅನ್ನುವುದು ಇದನ್ನೇ. ರವಿಕೆ ಮೈಗೆ ಕೂರಲು ಈ ಗುಣ ಬೇಕು, ಆದರೆ ತುಂಡು ಜೋಡಿಸುವಾಗ ಇದೇ ಶತ್ರು. ಕತ್ತರಿಸಿಟ್ಟ ತ್ರಿಕೋನದ ಉದ್ದ ಬದಿ ಪೂರ್ತಿ ಕ್ರಾಸ್. ಕೈಯಲ್ಲಿ ಎತ್ತಿಟ್ಟರೂ ಸಾಕು, ಅಳತೆ ತಪ್ಪುತ್ತದೆ.

ಹಾಗಾಗಿ ಎರಡು ಚೌಕಗಳನ್ನು ಒಂದರ ಮೇಲೊಂದು ಇಟ್ಟು, ಮೊದಲು ಹೊಲಿದು, ಆಮೇಲೆ ಕತ್ತರಿಸಬೇಕು. ಕ್ರಾಸ್ ಅಂಚು ಹೊರಗೆ ಬರುವ ಹೊತ್ತಿಗೆ ಹೊಲಿಗೆ ಅದನ್ನು ಹಿಡಿದುಕೊಂಡಿರುತ್ತದೆ.

ಕಲಿಯಲು ಗಿರಿಗಿಟ್ಲೆ ಪಟ್ಟಿಗಿಂತ ಒಳ್ಳೆಯದಿಲ್ಲ. ಪಟ್ಟಿ ಅಂದರೆ ಕೌದಿಯ ಒಂದು ಚೌಕ ಭಾಗ, ಇದರಲ್ಲಿ ತ್ರಿಕೋನಗಳು ಗಿರಿಗಿಟ್ಲೆಯ ರೆಕ್ಕೆಯ ಹಾಗೆ ಸುತ್ತ ನಿಲ್ಲುತ್ತವೆ. ಸಿದ್ಧವಾದ ಮೇಲೆ 8 ಇಂಚು ಬರುವ ಪಟ್ಟಿಗೆ 4 ಇಂಚಿನ ನಾಲ್ಕು ಜೋಡಿತುಂಡು, ಅಂದರೆ ಎರಡು ಬಣ್ಣದ ತ್ರಿಕೋನ ಸೇರಿದ ಚೌಕ, ಬೇಕು. ನಾಲ್ಕು ಇಂಚಿಗೆ ಹೊಲಿಗೆಯ ಅರ್ಧ ಇಂಚು ಸೇರಿಸಿ ನಾಲ್ಕೂವರೆ ಚೌಕ ಕತ್ತರಿಸಿದರೆ ಸಾಲದು. ನಡುವೆ ಓರೆಯಾಗಿ ಹೋಗುವ ಹೊಲಿಗೆಯೂ ಬಟ್ಟೆ ತಿನ್ನುತ್ತದೆ. ಸೇರಿಸಬೇಕಾದ ಸರಿಯಾದ ಲೆಕ್ಕ ಮುಕ್ಕಾಲು ಇಂಚಿನ ಮೇಲೆ ಇನ್ನೊಂದು ಅರೆಕಾಲು, ಅಂದರೆ ಇಂಚಿನ ಎಂಟನೇ ಒಂದು ಪಾಲು. ಕೂದಲೆಳೆಯಷ್ಟು ಸರಿಯಾಗಿ ಹೊಲಿಯುವವರಿಗೆ ಅದು ಸಾಕು, ಉಳಿದವರು ಪೂರ್ತಿ 1 ಇಂಚು ಸೇರಿಸಿ 5 ಇಂಚಿನ ಚೌಕವನ್ನೇ ಕತ್ತರಿಸಿ. ಕೊನೆಗೆ ಅರೆಕಾಲು ಇಂಚು ಸವರಿ ಹಾಕುವುದು ದಂಡವಲ್ಲ. ಒಂದು ಪಟ್ಟಿಗೆ ತಿಳಿ ಬಣ್ಣದ್ದು ಎರಡು ಚೌಕ, ಗಾಢ ಬಣ್ಣದ್ದು ಎರಡು. ಒಂದೊಂದು ಜೋಡಿ ಚೌಕದಿಂದ ಎರಡೆರಡು ಜೋಡಿತುಂಡು ಬರುತ್ತವೆ.

ಬಟ್ಟೆ ಹತ್ತಿಯದೇ ಇರಲಿ, ಎರಡೂ ಒಂದೇ ದಪ್ಪದ್ದಾಗಿರಲಿ. ಕ್ಯಾಂಬ್ರಿಕ್, ಪಾಪ್ಲಿನ್ ಎರಡೂ ಆಗುತ್ತವೆ. ಹಳೇ ಸೀರೆಯಾದರೆ ಬೆಳಕಿಗೆ ಹಿಡಿದು ನೋಡಿ, ಸವೆದು ಎಳೆ ಬಿಟ್ಟ ಜಾಗ ಬಿಟ್ಟುಬಿಡಿ. ಹೊಸ ಬಟ್ಟೆಯನ್ನು ಒಗೆದೇ ಕತ್ತರಿಸಬೇಕು. ಕೆಂಪು, ಕಡುನೀಲಿ ಬಣ್ಣಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನಂಬಬೇಡಿ, ಬಿಡುವ ಬಣ್ಣ ಬಿಟ್ಟು ಮುಗಿಯುವವರೆಗೆ ಒಗೆಯಬೇಕು ಅಷ್ಟೆ. ಆಮೇಲೆ ಗಂಜಿ. ಅನ್ನದ ತಿಳಿಗಂಜಿಯನ್ನು ಸೋಸಿ, ನೀರು ಬೆರೆಸಿ, ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ. ಕಾಗದದ ಹಾಗೆ ಗರಿಗರಿಯಾದ ಬಟ್ಟೆ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ಅಂಗಡಿಯ ಸ್ಪ್ರೇ ಕೊಳ್ಳುವ ಅಗತ್ಯವೇ ಇಲ್ಲ.

ಕತ್ತರಿಸುವಾಗ ದಡಿಯನ್ನು ತೆಗೆದುಹಾಕಿ. ಅಲ್ಲಿಯ ನೇಯ್ಗೆ ಬಿಗಿ, ಒಗೆದಾಗ ಸುಕ್ಕುತ್ತದೆ. ತಿಳಿ ಬಣ್ಣದ ಚೌಕದ ಹಿಂಬದಿಗೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಅದರ ಎರಡೂ ಕಡೆ ಕಾಲು ಇಂಚಿಗೆ ಇನ್ನೊಂದೊಂದು ಗೆರೆ ಹಾಕಿ. ನಡುಗೆರೆ ಕತ್ತರಿಗೆ, ಅಕ್ಕಪಕ್ಕದವು ಹೊಲಿಗೆಗೆ. ಎರಡು ಚೌಕಗಳ ಮುಖಕ್ಕೆ ಮುಖ ಸೇರಿಸಿ, ಗೆರೆಗೆ ಅಡ್ಡ ಬಾರದಂತೆ ಗುಂಡುಸೂಜಿ ಚುಚ್ಚಿ. ಇಂಚಿಗೆ ಹನ್ನೆರಡು ಹೊಲಿಗೆ ಬೀಳುವಂತೆ ಮಷೀನು ಹೊಂದಿಸಿಕೊಳ್ಳಿ. ಉದ್ದ ಹೊಲಿಗೆಯಾದರೆ ಕತ್ತರಿಸಿದ ತುದಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮೊದಲ ಮೂಲೆಯನ್ನು ಸೂಜಿ ತೂತಿನೊಳಕ್ಕೆ ಎಳೆದುಕೊಂಡು ಮುದ್ದೆ ಮಾಡುವ ಚಾಳಿ ಎಲ್ಲ ಮಷೀನಿಗೂ ಇದೆ. ಅದಕ್ಕೆ ಒಂದು ಚಿಂದಿ ಬಟ್ಟೆಯ ಮೇಲೆ ಹೊಲಿಗೆ ಶುರು ಮಾಡಿ, ದಾರ ಕಡಿಯದೆ ಹಾಗೇ ಚೌಕಕ್ಕೆ ಬನ್ನಿ. ಒಂದರ ಹಿಂದೊಂದು ಜೋಡಿ ಕೊಡುತ್ತಾ ಹೋದರೆ ತೋರಣದ ಹಾಗೆ ಬರುತ್ತದೆ, ದಾರವೂ ಉಳಿಯುತ್ತದೆ.

ಪಟ್ಟಿ ಜೋಡಿಸುವಾಗ ಗೆರೆ ಇರುವುದಿಲ್ಲ, ಆಗ ಕಾಲು ಇಂಚನ್ನು ಮಷೀನಿನ ಮೇಲೆಯೇ ಗುರುತಿಸಬೇಕು. ಅಳತೆಪಟ್ಟಿಯ ಕಾಲಿಂಚಿನ ಗೆರೆಯ ಮೇಲೆ ಸೂಜಿ ಇಳಿಸಿ, ಅಳತೆಪಟ್ಟಿಯ ಬಲ ಅಂಚಿಗೆ ಸರಿಯಾಗಿ ಟೇಪು ಅಂಟಿಸಿ. ಪರೀಕ್ಷೆಗೆ ಒಂದೂವರೆ ಇಂಚು ಅಗಲದ ಮೂರು ಬಟ್ಟೆ ಸೀಳು ಜೋಡಿಸಿ ಇಸ್ತ್ರಿ ಮಾಡಿ ಅಳೆಯಿರಿ. ನಡುವಿನದು ಸರಿಯಾಗಿ 1 ಇಂಚು ಬಂದರೆ ಟೇಪು ಸರಿ ಇದೆ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಹೊಲಿಗೆ ಇಂಚಿನ ಹದಿನಾರನೇ ಒಂದು ಪಾಲು ಒಳಗೆ ಸರಿದರೆ, ಏಳು ಪಟ್ಟಿಯ ಸಾಲಿನ ಹದಿಮೂರು ಜೋಡಣೆಯಲ್ಲಿ ಒಂದೂವರೆ ಇಂಚಿಗೂ ಹೆಚ್ಚು ಕಾಣೆಯಾಗುತ್ತದೆ. ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ ಆಗುವುದು ಹೀಗೆ.

ಹೊಲಿದ ಜೋಡಿಯನ್ನು ಬಿಡಿಸುವ ಮೊದಲು ಒಮ್ಮೆ ಹಾಗೇ ಇಸ್ತ್ರಿ ಒತ್ತಿ. ಆಮೇಲೆ ನಡುಗೆರೆಯ ಮೇಲೆ ಕತ್ತರಿಸಿ ಬಿಡಿಸಿ, ಹೊಲಿಗೆಯ ಅಂಚನ್ನು ಗಾಢ ಬಣ್ಣದ ಕಡೆಗೆ ಮಲಗಿಸಿ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು, ಶರ್ಟಿಗೆ ಉಜ್ಜುವ ಹಾಗೆ ಉಜ್ಜಿದರೆ ತುಂಡು ಬಾಳೆಹಣ್ಣಿನಂತೆ ಬಾಗುತ್ತದೆ. ನೀರೂ ಚಿಮುಕಿಸಬೇಡಿ. ಪ್ರಾಜೆಕ್ಟ್ ಫೈಲಿನ ಪಾರದರ್ಶಕ ಹೊದಿಕೆಯಲ್ಲಿ ನಾಲ್ಕೂವರೆ ಇಂಚಿನ ಚೌಕ ಕತ್ತರಿಸಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದಿಟ್ಟುಕೊಳ್ಳಿ. ಆ ಗೆರೆಯನ್ನು ತುಂಡಿನ ಹೊಲಿಗೆಯ ಮೇಲೆ ಕೂರಿಸಿ, ಹೊರಗೆ ಉಳಿದದ್ದನ್ನು ನಾಲ್ಕೂ ಕಡೆ ಸವರಿ. ಬೇಸರದ ಕೆಲಸ ನಿಜ, ಬಿಟ್ಟರೆ ಮಾತ್ರ ಚೂಪುಗಳೆಲ್ಲ ಮೊಂಡಾಗುತ್ತವೆ.

ನಾಲ್ಕು ತುಂಡನ್ನು ಗಾಢ ಬಣ್ಣ ಒಂದೇ ದಿಕ್ಕಿಗೆ ತಿರುಗುವಂತೆ ನೆಲದ ಮೇಲೆ ಹರಡಿ, ಫೋನಿನಲ್ಲಿ ಒಂದು ಚಿತ್ರ ತೆಗೆಯಿರಿ. ಮಷೀನಿನ ಬಳಿ ಹೋಗುವಷ್ಟರಲ್ಲಿ ಒಂದು ತುಂಡು ಉಲ್ಟಾ ಆಗಿರುತ್ತದೆ, ಚಿತ್ರದಲ್ಲಿ ತಟ್ಟನೆ ಕಾಣುತ್ತದೆ. ಮೇಲಿನ ಎರಡು, ಕೆಳಗಿನ ಎರಡು ಸೇರಿಸಿ, ಮತ್ತೆ ಗಾಢ ಬಣ್ಣದ ಕಡೆಗೇ ಅಂಚು ಮಲಗಿಸಿ. ಹಾಗೆ ಮಾಡಿದರೆ ಎರಡು ಸಾಲು ಎದುರುಬದುರಾದಾಗ ಅಂಚುಗಳು ವಿರುದ್ಧ ದಿಕ್ಕಿಗೆ ಬಿದ್ದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆರಳಿಗೆ ಏಣು ತಗಲದಿದ್ದರೆ ಸರಿಯಾಗಿ ಕೂತಿದೆ ಎಂದರ್ಥ. ಹಿಂಬದಿಯಲ್ಲಿ ಹೊಲಿಗೆಗಳು ಕತ್ತರಿಯಂತೆ ದಾಟುವ ಚುಕ್ಕೆಯ ಮೇಲೆಯೇ ಸೂಜಿ ಹೋಗಬೇಕು. ನಡುವೆ ಎಂಟು ತುದಿ ಸೇರಿ ಗಂಟಿನಂತೆ ಉಬ್ಬುತ್ತದೆ. ಎರಡು ಸಾಲು ಸೇರಿಸಿದ ಅಡ್ಡ ಹೊಲಿಗೆಯ ಆಚೆ, ಅಂಚಿನ ಭಾಗದಲ್ಲಷ್ಟೇ ಮೊದಲಿನ ನೇರ ಹೊಲಿಗೆಯ ಎರಡು ಮೂರು ಎಳೆ ಬಿಚ್ಚಿ, ಅಂಚುಗಳನ್ನು ಹೂವಿನ ದಳದಂತೆ ಸುತ್ತ ತಿರುಗಿಸಿ ಒತ್ತಿದರೆ ಚಪ್ಪಟೆಯಾಗುತ್ತದೆ.

ಕೈಯಲ್ಲಿ ಕೌದಿ ಹೊಲಿಯುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅಂಚು ಒಳಮಡಚಿ ಅಡಿಯ ಬಟ್ಟೆಗೇ ಸೇರಿಸಿ ಹೊಲಿಯುವುದರಿಂದ ಹಿಗ್ಗಲು ಜಾಗವೇ ಇರುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯ ಮೂಲೆಗೆ ಹೊಲಿಯುವ ತ್ರಿಕೋನದ ಹೂವೂ ಮಡಚಿ ಮಾಡಿದ್ದೇ.

70 ಪಟ್ಟಿ ಜೋಡಿಸಿದರೆ 56 ಇಂಚು ಅಗಲ, 80 ಇಂಚು ಉದ್ದ, ಒಬ್ಬರ ಮಂಚಕ್ಕೆ ಸಾಕು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಬಣ್ಣಕ್ಕೆ ಎರಡೂಮುಕ್ಕಾಲು ಮೀಟರಿನಂತೆ ತನ್ನಿ. ಅಸ್ತರು ಬೇರೆ. ಎಲ್ಲ ಮುಗಿದ ಮೇಲೆ ಒಮ್ಮೆ ಒಗೆದು ಗಂಜಿ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಪೆಟ್ಟಿಗೆಯಲ್ಲಿ ಜಿರಳೆ ಬಂದು ಕಡಿಯುತ್ತದೆ.