ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ: ಆಫರ್ ಒಪ್ಪಿದ ಮೇಲಿನ ಕಥೆ

ನಮ್ಮ ಆಫರ್ ಒಪ್ಪಿಗೆಯಾಯಿತು ಅಂತ ಏಜೆಂಟ್ ಹೇಳಿದ ಸಂಜೆಯೇ ಊರಿಗೆ ಫೋನ್ ಮಾಡಿದ್ದೆವು. ಮರುದಿನವೇ ಅಮ್ಮ ಗೃಹಪ್ರವೇಶಕ್ಕೆ ಮುಹೂರ್ತ ಕೇಳಿಸಿಕೊಂಡು ಬಂದರು. ಏಳು ವಾರ ಕಳೆದ ಮೇಲೆ ಮಾರುವವರು ಮನಸ್ಸು ಬದಲಾಯಿಸಿದರು. ವಕೀಲರಿಗೆ, ಸರ್ಚ್‌ಗಳಿಗೆ (ಆಸ್ತಿಯ ಬಗ್ಗೆ ವಕೀಲರು ಕಚೇರಿಗಳಲ್ಲಿ ಮಾಡಿಸುವ ತಪಾಸಣೆಗಳಿಗೆ) ಕಟ್ಟಿದ ಹಣ ಹೋಯಿತು. ಕೇಳುವ ಹಕ್ಕೂ ನಮಗಿರಲಿಲ್ಲ, ಯಾಕೆಂದರೆ ಇಲ್ಲಿನ ಕಾನೂನೇ ಹಾಗಿದೆ.

ಊರಿನಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಬರೆಸಿಕೊಂಡರೆ ಒಂದು ಹಿಡಿತ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಪ್ಪಿಗೆಯಾದ ಆಫರ್ ಬರೀ ಮಾತು, ಕಾಗದದಲ್ಲಿ 'ಸಬ್ಜೆಕ್ಟ್ ಟು ಕಾಂಟ್ರ್ಯಾಕ್ಟ್', ಅಂದರೆ ಕರಾರು ಆಗುವ ತನಕ ಪಕ್ಕಾ ಅಲ್ಲ, ಅಂತಲೇ ಇರುತ್ತದೆ. ಎರಡೂ ಕಡೆಯ ವಕೀಲರು ಕರಾರು ಪತ್ರ ಬದಲಾಯಿಸಿಕೊಳ್ಳುವ 'ಎಕ್ಸ್‌ಚೇಂಜ್' ಆಗುವ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು. ಹೆಚ್ಚು ಕೊಡುವವರು ಬಂದರೆ ಅವರಿಗೇ ಕೊಡಬಹುದು, ಇದಕ್ಕೆ ಗಝಂಪಿಂಗ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ಅಲ್ಲಿರುವವರು ಇದನ್ನು ಅನ್ವಯಿಸಿಕೊಳ್ಳಬೇಡಿ. ಆಫರ್‌ನಿಂದ ಎಕ್ಸ್‌ಚೇಂಜ್‌ವರೆಗಿನ ಆ ಕೆಲವು ತಿಂಗಳುಗಳನ್ನು ಎಷ್ಟು ಚುರುಕಾಗಿ ದಾಟುತ್ತೀರಿ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ.

ಹಾಗಾಗಿ ಮನೆ ನೋಡಲು ಹೊರಡುವ ಮೊದಲೇ ಕೆಲಸ ಶುರುವಾಗಬೇಕು. ಬ್ಯಾಂಕಿನಿಂದ 'ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್' (ಇಷ್ಟು ಸಾಲ ಕೊಡಬಹುದು ಎಂಬ ಆರಂಭಿಕ ಒಪ್ಪಿಗೆ ಪತ್ರ) ತೆಗೆದಿಟ್ಟುಕೊಳ್ಳಿ, ಅದಿಲ್ಲದೆ ಏಜೆಂಟರು ನಿಮ್ಮ ಆಫರ್‌ಗೆ ಬೆಲೆ ಕೊಡುವುದಿಲ್ಲ. ವೀಸಾದಲ್ಲಿದ್ದರೂ ಸಾಲ ಸಿಗುತ್ತದೆ, ಆದರೆ ಕೆಲವು ಬ್ಯಾಂಕುಗಳು ಹೆಚ್ಚು ಡೆಪಾಸಿಟ್ ಕೇಳುತ್ತವೆ. ನಮ್ಮವರಲ್ಲಿ ಬಹಳ ಮಂದಿ ಗಮನಿಸದ ಸಂಗತಿ ಒಂದಿದೆ: ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್‌ನವರಾದ್ದರಿಂದ ಇಲ್ಲಿ ವಾಸಿಸುವಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿಗೆ ನಿಮ್ಮ ವಿಳಾಸ ಖಚಿತವಾಗುತ್ತದೆ, ಕ್ರೆಡಿಟ್ ದಾಖಲೆಗೂ ಅನುಕೂಲ. ಈ ವಾರವೇ ಮಾಡಿಬಿಡಿ.

ಇನ್ನು ಸ್ಟ್ಯಾಂಪ್ ಡ್ಯೂಟಿ. ಇದನ್ನು ನಿಧಾನವಾಗಿ ಓದಿ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 1ರಿಂದ ಮೊದಲ ಸಲ ಮನೆ ಕೊಳ್ಳುವವರಿಗೆ 3 ಲಕ್ಷ ಪೌಂಡ್‌ವರೆಗೆ ತೆರಿಗೆ ಇಲ್ಲ, ಅಲ್ಲಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇ. 5. ಬೆಲೆ 5 ಲಕ್ಷ ದಾಟಿದರೆ ಈ ರಿಯಾಯಿತಿಯೇ ಇಲ್ಲ. ಆದರೆ 'ಮೊದಲ ಸಲ' ಅಂದರೆ ಪ್ರಪಂಚದಲ್ಲಿ ಎಲ್ಲೂ, ಎಂದೂ ಮನೆ ಹೊಂದಿರಬಾರದು ಎಂದರ್ಥ. ಬೆಂಗಳೂರಿನ ಫ್ಲಾಟ್, ಪಿತ್ರಾರ್ಜಿತವಾಗಿ ಬಂದ ಮನೆಯ ಪಾಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಖಾಲಿ ಸೈಟ್ ಮಾತ್ರ ಮನೆ ಅಲ್ಲ. ಫ್ಲಾಟ್ ಈಗಲೂ ನಿಮ್ಮ ಹೆಸರಲ್ಲಿದ್ದು 40,000 ಪೌಂಡ್ ಅಥವಾ ಹೆಚ್ಚು ಬೆಲೆಯದಾದರೆ, ಇಲ್ಲಿ ಕೊಳ್ಳುವ ಮನೆ ಸಾಮಾನ್ಯವಾಗಿ 'ಎರಡನೇ ಮನೆ' ಆಗಿ ಪೂರ್ತಿ ಬೆಲೆಯ ಮೇಲೆ ಹೆಚ್ಚುವರಿ ಶೇ. 5 ಬೀಳುತ್ತದೆ. 4 ಲಕ್ಷ ಪೌಂಡ್ ಮನೆಗೆ ಲೆಕ್ಕ ಹಾಕಿ: ಮೊದಲ ಸಲದವರಿಗೆ 5,000, ಹಿಂದೆ ಮನೆಯಿದ್ದು ಮಾರಿದವರಿಗೆ 10,000, ಊರಿನಲ್ಲಿ ಮನೆ ಉಳಿಸಿಕೊಂಡವರಿಗೆ 30,000. ಫ್ಲಾಟ್ ಗಂಡನ ಹೆಸರಲ್ಲಿದೆ, ಹೆಂಡತಿಯ ಹೆಸರಲ್ಲಿ ಕೊಳ್ಳೋಣ ಅಂದರೂ ಆಗದು, ಒಟ್ಟಿಗೆ ಬಾಳುವ ದಂಪತಿಯನ್ನು ಈ ನಿಯಮ ಒಂದೇ ಎಂದು ನೋಡುತ್ತದೆ. ಕೊಳ್ಳುವ ಹಿಂದಿನ 12 ತಿಂಗಳಲ್ಲಿ ನೀವು ಈ ದೇಶದಲ್ಲಿ 183 ದಿನ ಇಲ್ಲದಿದ್ದರೆ ಇನ್ನೂ ಶೇ. 2 ಸೇರುತ್ತದೆ. ಊರಿನ ಆಸ್ತಿಯ ವಿಷಯವನ್ನು ವಕೀಲರಿಗೆ ಮೊದಲ ದಿನವೇ ಹೇಳಿ. ಮುಚ್ಚಿಟ್ಟರೆ ಮುಂದೆ ದಂಡ, ಬಡ್ಡಿ ಎರಡೂ ತಪ್ಪುವುದಿಲ್ಲ.

ವಕೀಲರು, ಅಂದರೆ ಸಾಲಿಸಿಟರ್ ಅಥವಾ ಕನ್ವೇಯನ್ಸರ್, ಮೊದಲು ಕೇಳುವುದು ದುಡ್ಡು ಎಲ್ಲಿಂದ ಬಂತು ಅಂತ. ನಮಗೆ ಅಪ್ಪ ಒಂದು ಸೈಟ್ ಮಾರಿ ಸ್ವಲ್ಪ ಹಣ ಕಳಿಸಿದ್ದರು. ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಪ್ರತಿ, 'ಇದು ಉಡುಗೊರೆ, ಸಾಲವಲ್ಲ, ಮನೆಯಲ್ಲಿ ನನಗೆ ಪಾಲು ಬೇಡ' ಎಂಬ ಸಹಿ ಮಾಡಿದ ಪತ್ರ, ಎಲ್ಲ ಕೊಟ್ಟೆವು. ಸಾಲಲಿಲ್ಲ. ಸೈಟ್ ಮಾರಿದ ಕ್ರಯಪತ್ರ ಕನ್ನಡದಲ್ಲಿತ್ತು, ಅದನ್ನು ಅನುವಾದ ಮಾಡಿಸಿ ದೃಢೀಕರಿಸಿ ಕೊಡುವ ಹೊತ್ತಿಗೆ ಮೂರು ವಾರ ಹೋಯಿತು. ಊರಿನಿಂದ ಹಣ ತರುವವರು ಇದನ್ನೆಲ್ಲ ಮನೆ ಹುಡುಕುವಾಗಲೇ ಹೊಂದಿಸಿಕೊಳ್ಳಿ. ಭಾರತದಲ್ಲಿ ವಾಸಿಸುವ ಒಬ್ಬರು ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ವರ್ಷಕ್ಕೆ ಕಳಿಸಬಹುದಾದದ್ದು 2,50,000 ಡಾಲರ್.

ಬ್ಯಾಂಕ್ ಮಾಡಿಸುವ ವ್ಯಾಲ್ಯುವೇಶನ್ ಬ್ಯಾಂಕಿನ ಸಮಾಧಾನಕ್ಕೆ. ನಿಮ್ಮ ಸಮಾಧಾನಕ್ಕೆ ಬೇರೆ ಸರ್ವೆ ಮಾಡಿಸಿ: ಮಾಮೂಲಿ ಮನೆಗೆ ಲೆವೆಲ್ 2, ಹಳೆಯದಕ್ಕೆ ಲೆವೆಲ್ 3. ನಾವು ಕೊನೆಗೆ ಕೊಂಡ ಮನೆಯ ಹಿಂಬದಿ ಕೋಣೆಗೆ ಆಗಷ್ಟೇ ಬಿಳಿ ಬಣ್ಣ ಹೊಡೆದಿದ್ದರು. ಸರ್ವೆಯರ್ ಎರಡು ಸೂಜಿಯ ಪುಟ್ಟ ಮೀಟರನ್ನು ಬೀರುವಿನ ಪಕ್ಕದ ಗೋಡೆಗೆ ಒತ್ತಿ ನೋಡಿದ್ದರು, ಬಣ್ಣದ ಒಳಗೆ ತೇವ. ವರದಿ ತೋರಿಸಿದ ಮೇಲೆ ಬೆಲೆ ಇಳಿಯಿತು.

ಫ್ಲಾಟ್ ಆದರೆ ಬಹುಪಾಲು ಲೀಸ್‌ಹೋಲ್ಡ್, ಅಂದರೆ ಇಷ್ಟು ವರ್ಷ ಅಂತ ಗುತ್ತಿಗೆಯ ಮೇಲೆ ಸಿಗುವುದು. ಎಷ್ಟು ವರ್ಷ ಬಾಕಿಯಿದೆ ನೋಡಿ, 80ಕ್ಕಿಂತ ಕಡಿಮೆಯಿದ್ದರೆ ಮಾರುವುದೂ ಕಷ್ಟ, ವಿಸ್ತರಿಸುವುದೂ ದುಬಾರಿ. ಸರ್ವಿಸ್ ಚಾರ್ಜ್‌ನ (ಕಟ್ಟಡದ ನಿರ್ವಹಣೆಗೆ ಕಟ್ಟುವ ಹಣದ) ಹಿಂದಿನ ಮೂರು ವರ್ಷದ ಲೆಕ್ಕ ಕೇಳಿ ಪಡೆಯಿರಿ.

ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10 ಹಣ ಕಟ್ಟುತ್ತೀರಿ. ಆಮೇಲೆ ಹಿಂದೆ ಸರಿದರೆ ಆ ಹಣ ಹೋದಂತೆಯೇ. ಕಟ್ಟಡದ ವಿಮೆ ಕೂಡ ಅದೇ ದಿನದಿಂದ ಶುರುವಾಗಲಿ, ಕೀ ಕೈಗೆ ಬರುವ ದಿನದಿಂದಲ್ಲ. ಮುಹೂರ್ತ ನೋಡಿಸುವವರು ಈಗ ನೋಡಿಸಿ. ಕಂಪ್ಲೀಶನ್‌ಗೆ, ಅಂದರೆ ಬಾಕಿ ಹಣ ಸಂದು ಕೀ ಕೈಗೆ ಬರುವ ದಿನಕ್ಕೆ, ಬ್ಯಾಂಕ್ ಹಣ ಸಾಗಬೇಕಾದ್ದರಿಂದ ಅದು ಕೆಲಸದ ದಿನವೇ ಆಗಿರುತ್ತದೆ, ಗೃಹಪ್ರವೇಶವನ್ನು ಅದರ ನಂತರದ ಶನಿವಾರಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳಬಹುದು.

ಕಂಪ್ಲೀಶನ್ ಆದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿ, ವಕೀಲರು ಲ್ಯಾಂಡ್ ರಿಜಿಸ್ಟ್ರಿಗೆ ಅರ್ಜಿ ಹಾಕುತ್ತಾರೆ. ಮುದ್ರೆ ಒತ್ತಿದ ಕ್ರಯಪತ್ರ ಅಂತ ಕೈಗೆ ಏನೂ ಬರುವುದಿಲ್ಲ, ಮಾಲೀಕತ್ವ ಇರುವುದು ಆ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿ. ಪತ್ರದ ಪ್ರತಿ ಕಳಿಸು ಅಂತ ಅಪ್ಪ ಕೇಳಿದಾಗ ನಾನು ಕಳಿಸಿದ್ದು ಕೆಲವೇ ಪುಟದ ಟೈಟಲ್ ರಿಜಿಸ್ಟರ್ (ಮಾಲೀಕರ ಹೆಸರಿರುವ ದಾಖಲೆ) ಪ್ರತಿ. ಅವರು ಅದನ್ನು ಪ್ರಿಂಟ್ ಹಾಕಿಸಿ ಸೈಟಿನ ಹಳೆಯ ಕಾಗದಗಳಿದ್ದ ಫೈಲಿನಲ್ಲೇ ಇಟ್ಟಿದ್ದಾರೆ.